ದಾರಿಯಲ್ಲಿದೆ

ಮೊದಲಿದು ರೇಷ್ಮೆ ಹುಳುವಿನ ಮನೆ.
ಹಲಗೂರಿನ ಸಂತೆಮಾಳ ದಾಟಿದರೆ ಎಡಕ್ಕೆ.
ಬೋರ್ಡು ಹುಡುಕಬೇಡಿ, ಹುಣಸೆಮರ ಕೇಳಿಕೊಂಡು ಬನ್ನಿ.
ಈಗಲೂ ಮಳೆ ಹಿಡಿದರೆ ಗೋಡೆಯಿಂದ
ಹಿಪ್ಪುನೇರಳೆ ಸೊಪ್ಪಿನ ವಾಸನೆ ಏಳುತ್ತದೆ,
ಹುಳು ಮೇಯುವ ಸದ್ದೂ ಕೇಳಿತೆಂದು
ಒಬ್ಬಳು ಅಜ್ಜಿ ಹೇಳಿಹೋದಳು. ನನಗೆ ಕೇಳಿಲ್ಲ.

ಚಂದ್ರಿಕೆಗಳು ಹಾಗೇ ಇವೆ.
ಗೂಡು ಕಟ್ಟುತ್ತಿದ್ದ ಬಿದಿರ ಸುರುಳಿಗಳಲ್ಲಿ ಈಗ ಚಪ್ಪಲಿಗಳು.
ಡ್ರಾಯಿಂಗ್ ಮೇಷ್ಟ್ರು ಮರಿಸ್ವಾಮಿ ರಿಟೈರಾದ ವರ್ಷ
ಸೆಣಬಿನ ಹುರಿಯಲ್ಲಿ ತಾವೇ ಕಟ್ಟಿದ್ದು:
ಮಾದಪ್ಪನ ಬೆಟ್ಟಕ್ಕೆ ನಡೆದ ಕಾಲುಗಳು ಬಿಟ್ಟುಹೋದದ್ದೆಲ್ಲ.

ಇದು ಟೈರಿನದು, ಮೂರು ಸಲ ಹೊಲಿದದ್ದು.
ಇದು ಎಡಗಾಲಿನದು ಮಾತ್ರ; ಬಲಗಾಲಿನದನ್ನು
ಸೊಂಟಮಟ್ಟ ನೀರಲ್ಲಿ, ಕಡವಿನಲ್ಲಿ, ಕಾವೇರಿ ಇಟ್ಟುಕೊಂಡಳು.
ಇದು ಮದುವೆಯ ಜೋಡು, ಹೊಸದೇ.
ಶಾಗ್ಯದ ತನಕ ಕೈಯಲ್ಲಿ ಹಿಡಿದೇ ನಡೆದನಂತೆ,
ಸವೆಯಬಾರದಲ್ಲ.

ಇದು ಸೂಜಿ. ನಗಬೇಡಿ.
ಬೊಬ್ಬೆಯೊಳಗೆ ದಾರ ಪೋಣಿಸಿ ಎರಡೂ ತುದಿ ಬಿಟ್ಟರೆ
ರಾತ್ರಿಯಿಡೀ ನೀರು ಸೋರಿ, ಬೆಳಗ್ಗೆ ಪಾದ ನೆಲ ಮುಟ್ಟುತ್ತದೆ.
ಪಂಕ್ಚರ್ ಅಂಗಡಿಯ ಗೌಸ್‌ಪೀರ್ ಸಾಬರ ಕೈಯದು.
ಹಗಲು ಸೈಕಲ್ಲಿನ ಟ್ಯೂಬು, ರಾತ್ರಿ ನಡೆದು ಬಂದವರ ಅಂಗಾಲು;
ಎರಡನ್ನೂ ಮೊದಲು ನೀರಲ್ಲಿ ಅದ್ದಿ ನೋಡಬೇಕು, ಎನ್ನುತ್ತಿದ್ದರು.

ಈ ಕೋಲಿನ ಮೇಲೆ ಹತ್ತೊಂಬತ್ತು ಗೀರು, ವರ್ಷಕ್ಕೊಂದು.
ಇಪ್ಪತ್ತನೆಯದು ಅರ್ಧಕ್ಕೇ ನಿಂತಿದೆ,
ಕೌದಳ್ಳಿಯಲ್ಲಿ, ಬೆಳಗಿನ ಜಾವ, ಟೀ ಲೋಟ ಕೈಯಲ್ಲಿರುವಾಗ.
ಮಗಳು ತಂದುಕೊಟ್ಟಳು. ಉಳಿದರ್ಧ ನಾನು ಗೀರಲೇ ಎಂದೆ.
ಬ್ಯಾಡ ಕಣಣ್ಣ, ಅಪ್ಪ ನಡ್ದಿದ್ದು ಅಷ್ಟೇಯ, ಎಂದಳು.

ಮೈಸೂರಿನಿಂದ ಒಬ್ಬರು ಮೇಡಂ ಬಂದಿದ್ದರು.
ಗಾಜಿಲ್ಲವೇ, ಬೀಗವಿಲ್ಲವೇ, ನಂಬರಿಲ್ಲವೇ ಎಂದರು.
ಖಾಲಿ ಮೊಳೆಗಳನ್ನು ಎಣಿಸಿದರು. ಹದಿನಾಲ್ಕು.
ಪ್ರತಿ ಮೊಳೆಯ ಕೆಳಗೂ ಮೇಷ್ಟ್ರ ದುಂಡಕ್ಷರದ ಚೀಟಿ:
ದಾರಿಯಲ್ಲಿದೆ.
ಕಳುವಾಗಿದೆ ಅಂತ ಬರೀರಿ, ಎಂದರು.
ಇಲ್ಲ ಮೇಡಂ, ಶಿವರಾತ್ರಿ ಹತ್ತಿರ ಬಂತು.
ಕಂಬಳಿ ಇಲ್ಲದವರು ಕಂಬಳಿ ಒಯ್ದರು,
ಟಾರ್ಚು ಒಯ್ದರು, ಆನೆ ಬೆದರಿಸುವ ತಮಟೆ ಒಯ್ದರು.
ಕೆಂಪಸಿದ್ದಮ್ಮನ ಮಜ್ಜಿಗೆ ಗುಡಾಣವನ್ನು ಅವಳ ಸೊಸೆ
ಕಡವಿನ ಹೊಂಗೆಯಡಿ ಇಟ್ಟುಕೊಂಡು ಕೂತಿದ್ದಾಳೆ.
ಹಾಗಾದರೆ ಈ ಮ್ಯೂಸಿಯಂ ತುಂಬಿರೋದು ಯಾವಾಗ?
ಮಳೆಗಾಲದಲ್ಲಿ ಬನ್ನಿ ಮೇಡಂ.
ಆಗ ನೋಡುವವರು ಇರಲ್ಲ.

ನಾನು ಬೆಟ್ಟ ನೋಡಿಲ್ಲ.
ಎರಡನೇ ವಯಸ್ಸಿಗೆ ಬಂದ ಜ್ವರ
ಹೋಗುವಾಗ ಈ ಕಾಲನ್ನು ಇಟ್ಟುಕೊಂಡಿತು.
ಬಸ್ಸಿದೆಯಲ್ಲ ಎನ್ನುತ್ತಾರೆ. ಇದೆ. ಏಳೂವರೆಗೆ.
ತಾಳಬೆಟ್ಟದ ಯಾವ ತಿರುವಿನಲ್ಲಿ
ಹೆಂಗಸರು ಮಾತು ನಿಲ್ಲಿಸುತ್ತಾರೆ,
ಯಾವ ಕಲ್ಲಿನ ಮೇಲೆ ಕೂತು ಗಂಡಸರು ಸುಮ್ಮನೆ ಅಳುತ್ತಾರೆ,
ಎಲ್ಲ ಗೊತ್ತು. ಹದಿನಾರು ವರ್ಷ
ಇಲ್ಲೇ ಕೂತು ಅವರ ಕಾಲು ನೋಡಿದ್ದೇನೆ.
ಮುಖ ಮರೆತುಹೋಗುತ್ತದೆ.

ಬಾಗಿಲಿಂದ ಕೊನೆಯ ಮೊಳೆಗೆ ನನ್ನ ಹೆಜ್ಜೆ ಇಪ್ಪತ್ತೆರಡು.
ದಿನಕ್ಕೆ ಎಷ್ಟು ಸಲ, ವರ್ಷಕ್ಕೆ ಎಷ್ಟು ಮೈಲಿ,
ಇಷ್ಟೊತ್ತಿಗೆ ಎಲ್ಲಿರುತ್ತಿದ್ದೆ ಎಂದು
ಒಂದು ಮಧ್ಯಾಹ್ನ ಲೆಕ್ಕಕ್ಕೆ ಕೂತೆ.
ಹೊಳೆ ದಾಟಿದ್ದೆ. ಕಾಡು ಶುರುವಾಗಿತ್ತು.
ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು.
ಒಬ್ಬ ಹುಡುಗ, ಹದಿನೇಳಿರಬಹುದು, ಬರಿಗಾಲು:
ಅಣ್ಣ, ಏಳನೇ ನಂಬರು ಚಪ್ಲಿ ಐತಾ?

ಮದುವೆಯ ಜೋಡಿನ ಹುರಿ ಬಿಚ್ಚಿದೆ.
ಚೀಟಿಯ ಅಂಟು ಆರುವ ಮುನ್ನ
ಅವನು ಹುಣಸೆಮರ ದಾಟಿದ್ದ.